ಬಲಕ್ಕೆ ತಿರುಗುವ ತಿರುವಿನಲ್ಲಿ ರಸ್ತೆ ಎಡಕ್ಕೆ ವಾಲಿದೆ: ಬೆಂಗಳೂರಿನ ತಿರುವುಗಳಲ್ಲಿ ಬ್ಯಾಂಕಿಂಗ್ (ರಸ್ತೆಯ ವಾಲು) ಹೇಗಿರಬೇಕು?

ಕನಕಪುರ ರಸ್ತೆ ಸವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಿಂದ ಕನಕಪುರ ರಸ್ತೆ ಕಡೆ ಹೋಗುವ ದಾರಿಯಲ್ಲಿ ಬಲಕ್ಕೆ ತಿರುಗುವ ಒಂದು ದೊಡ್ಡ ತಿರುವಿದೆ. ನಡುವೆ ಮೀಡಿಯನ್ (ರಸ್ತೆ ವಿಭಜಕ), ನಮ್ಮ ಬದಿಗೆ ಎರಡು ಲೇನ್. ಮಳೆ ಬಂತು ಅಂದರೆ ಅಲ್ಲಿ ಯಾರಾದರೂ ಗಾಡಿ ಸಮೇತ ಬೀಳುತ್ತಾರೆ. ಮೊನ್ನೆ ಊಟ ಡೆಲಿವರಿ ಮಾಡುವ ಹುಡುಗನೊಬ್ಬ ಬಿದ್ದ. ಜೋರಾಗೇನೂ ಬರುತ್ತಿರಲಿಲ್ಲ, ಬ್ರೇಕ್ ಕೂಡ ಹಿಡಿದಿರಲಿಲ್ಲ. ಹಿಂದಿನ ಚಕ್ರ ಎಡಕ್ಕೆ ಜಾರಿತು, ಗಾಡಿ ಉದ್ದಕ್ಕೂ ಉಜ್ಜಿಕೊಂಡು ಹೋಗಿ ಫುಟ್‌ಪಾತ್ ಕಲ್ಲಿಗೆ ಬಡಿಯಿತು. ಮೊಣಕೈ ಪೂರ್ತಿ ತರಚಿತ್ತು. ನಾವೇ ಎತ್ತಿ ಕೂರಿಸಿ ನೀರು ಕೊಟ್ಟೆವು.

ನಾನು ದಿನಾ ಅದೇ ದಾರಿಯಲ್ಲಿ ಹೋಗುವವನು. ಆ ಜಾಗದಲ್ಲಿ ಯಾರೋ ಹೊರಗೆ ತಳ್ಳಿದ ಹಾಗೆ ಆಗುತ್ತದೆ. ಮೈಸೂರು ಹೆದ್ದಾರಿಯಲ್ಲಿ ಕಾರು ಇದಕ್ಕಿಂತ ಎಷ್ಟೋ ಜೋರಾಗಿ ತಿರುಗಿದರೂ ಹೀಗೆ ಅನ್ನಿಸುವುದಿಲ್ಲ. ಗಮನಿಸಿ ನೋಡಿದರೆ ರಸ್ತೆ ಎಡಕ್ಕೆ, ಅಂದರೆ ತಿರುವಿನ ಹೊರಬದಿಗೆ ವಾಲಿದ ಹಾಗಿದೆ. ಇದು ನನ್ನ ಭ್ರಮೆನಾ, ಅಥವಾ ನಿಜವಾಗಲೂ ಹೀಗೆ ಕಟ್ಟಿದ್ದಾರಾ? ತಿರುವಿನಲ್ಲಿ ರಸ್ತೆ ಎಷ್ಟು ವಾಲಿರಬೇಕು ಅನ್ನುವುದಕ್ಕೆ ಲೆಕ್ಕ ಇರುತ್ತದೆ ಅಲ್ವಾ? ತಿಳಿದವರು ಹೇಳಿ. ಬಡಾವಣೆ ಸಂಘದಿಂದ ಒಂದು ಪತ್ರ ಬರೆಯಬೇಕು ಅಂತಿದ್ದೇವೆ.

ಕೋಣನಕುಂಟೆ ನಿವಾಸಿ

ಆ ತಿರುವು ನನಗೂ ಗೊತ್ತು. ಇಷ್ಟಕ್ಕೆಲ್ಲ ಲೆಕ್ಕ ಯಾಕೆ? ಒಂದು ಹಂಪ್ ಹಾಕಿಸಿ. ಎಲ್ಲರೂ ನಿಧಾನ ಮಾಡುತ್ತಾರೆ.

ಡಿಪ್ಲೊಮಾ ಮೇಷ್ಟ್ರು

ಮೊದಲು ಹಂಪ್ ವಿಷಯ ಹೇಳಿಬಿಡುತ್ತೇನೆ. ತಿರುವಿನ ಒಳಗೆ ಹಂಪ್ ಬೇಡವೇ ಬೇಡ. ಬೈಕ್ ವಾಲಿಕೊಂಡು ತಿರುಗುತ್ತಿರುವಾಗ ಚಕ್ರ ಹಂಪ್ ಹತ್ತಿ ಇಳಿದರೆ, ಆ ಕ್ಷಣಕ್ಕೆ ರಸ್ತೆಯ ಮೇಲೆ ಟೈರಿನ ಒತ್ತಡ ಕಡಿಮೆಯಾಗುತ್ತದೆ. ಹಿಡಿತ ಜಾಸ್ತಿ ಬೇಕಾದ ಜಾಗದಲ್ಲೇ ಹಿಡಿತ ಹೋಗುತ್ತದೆ. ಹಂಪ್ ಹಾಕುವುದೇ ಆದರೆ ತಿರುವಿಗೆ ಮುಂಚೆ, ನೇರ ಭಾಗದಲ್ಲಿ ಹಾಕಬೇಕು. ಅದೂ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಕೋಡ್ (ರಸ್ತೆ ಕಟ್ಟುವ ನಿಯಮಗಳು) ಹೇಳುವ ಹಾಗೆ 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರದ ದುಂಡು ಹಂಪ್. ಮುಂಚೆಯೇ ಬೋರ್ಡ್, ಬಿಳಿ ಪಟ್ಟೆ ಇರಬೇಕು. ರಾತ್ರೋರಾತ್ರಿ ಟಾರು ಸುರಿದು ಮಾಡುವ ಗುಡ್ಡೆ ಅಲ್ಲ.

ಈಗ ಸವಾರರ ಪ್ರಶ್ನೆಗೆ ಬರೋಣ. ನಾನು ಹೈವೇ ಎಂಜಿನಿಯರಿಂಗ್ ಪಾಠ ಮಾಡುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಗಾಡಿ ತಿರುಗಬೇಕಾದರೆ ಯಾವುದಾದರೂ ಒಂದು ಬಲ ಅದನ್ನು ತಿರುವಿನ ಒಳಕ್ಕೆ ಎಳೆಯುತ್ತಲೇ ಇರಬೇಕು. ಸಮತಟ್ಟಾದ ರಸ್ತೆಯಲ್ಲಿ ಆ ಕೆಲಸ ಪೂರ್ತಿ ಟೈರು ಮತ್ತು ಟಾರಿನ ನಡುವಿನ ಘರ್ಷಣೆಯದು. ಹೊರ ಅಂಚನ್ನು ಎತ್ತರಿಸಿದರೆ, ಗಾಡಿಯನ್ನು ಹೊತ್ತಿರುವ ರಸ್ತೆಯ ಒತ್ತಡವೇ ಸ್ವಲ್ಪ ಒಳಕ್ಕೆ ವಾಲುತ್ತದೆ. ಅಷ್ಟರ ಮಟ್ಟಿಗೆ ಟೈರಿನ ಮೇಲಿನ ಹೊರೆ ಇಳಿಯುತ್ತದೆ. ಇದನ್ನೇ ಬ್ಯಾಂಕಿಂಗ್ ಅನ್ನುತ್ತೇವೆ, ನಮ್ಮ ಪುಸ್ತಕಗಳಲ್ಲಿ ಸೂಪರ್ ಎಲಿವೇಶನ್.

ಲೆಕ್ಕ ಸುಲಭ. ವೇಗವನ್ನು ಗಂಟೆಗೆ ಇಷ್ಟು ಕಿ.ಮೀ. ಅಂತ ತಗೊಂಡು ವರ್ಗ ಮಾಡಿ. ತಿರುವಿನ ತ್ರಿಜ್ಯವನ್ನು ಮೀಟರಿನಲ್ಲಿ ತಗೊಂಡು 127ರಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಬ್ಯಾಂಕಿಂಗ್ ಮತ್ತು ಘರ್ಷಣೆ ಎರಡೂ ಸೇರಿ ತುಂಬಿಕೊಡಬೇಕು. ಘರ್ಷಣೆಗೆ ನಮ್ಮ ಕೋಡ್ 0.15 ಅಂತ ಮಿತಿ ಹಾಕಿದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಟೈರಿಗೆ ಇದರ ಎಷ್ಟೋ ಪಟ್ಟು ಹಿಡಿತ ಇರುತ್ತದೆ. ಆದರೆ ಮಳೆ, ಧೂಳು, ಸವೆದ ಟೈರು, ಕೂತವರ ನೆಮ್ಮದಿ ಎಲ್ಲ ಲೆಕ್ಕಕ್ಕೆ ತಗೊಂಡು ವಿನ್ಯಾಸಕ್ಕೆ ಇಷ್ಟೇ ನಂಬಬೇಕು ಅಂತ ಇಟ್ಟಿದ್ದಾರೆ.

ಬ್ಯಾಂಕಿಂಗಿಗೂ ಮಿತಿ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಯಲಿನಲ್ಲಿ, ಸಣ್ಣ ಏರು ತಗ್ಗಿನ ನೆಲದಲ್ಲಿ ಗರಿಷ್ಠ ಶೇ. 7 ಅನ್ನುತ್ತದೆ. ಹಿಮ ಬೀಳದ ಘಟ್ಟಗಳಲ್ಲಿ ಶೇ. 10. ಮೇಲಿಂದ ಮೇಲೆ ಜಂಕ್ಷನ್ ಬರುವ ನಗರದ ರಸ್ತೆಗಳಲ್ಲಿ ಶೇ. 4. ಶೇ. 4 ಅಂದರೆ ಒಂದು ಮೀಟರ್ ಅಗಲಕ್ಕೆ 4 ಸೆಂ.ಮೀ. ಏರಿಕೆ, ಅಷ್ಟೇ.

ಮೈಸೂರು ಹೆದ್ದಾರಿಯಲ್ಲಿ ಏನೂ ಅನ್ನಿಸಲ್ಲ ಅಂದಿರಿ. ಅದಕ್ಕೆ ಬ್ಯಾಂಕಿಂಗ್‌ಗಿಂತ ಮುಖ್ಯ ಕಾರಣ ತ್ರಿಜ್ಯ. 100 ಕಿ.ಮೀ. ವೇಗಕ್ಕೆ ಶೇ. 7 ಬ್ಯಾಂಕಿಂಗ್ ಕೊಟ್ಟರೂ ಕನಿಷ್ಠ 360 ಮೀಟರ್ ತ್ರಿಜ್ಯ ಬೇಕು, 80ಕ್ಕೆ 230 ಮೀಟರ್. ಊರೊಳಗೆ ಅಷ್ಟು ಜಾಗ ಎಲ್ಲಿ ಸಿಗುತ್ತದೆ? ಸೈಟುಗಳ ನಡುವೆ, ಹಳೇ ಗ್ರಾಮದ ಗಡಿ ಹಿಡಿದು ರಸ್ತೆ ತಿರುಗುತ್ತದೆ.

ಇನ್ನು ನೀವು ಕಂಡದ್ದು ಭ್ರಮೆ ಆಗಿರಲಿಕ್ಕಿಲ್ಲ. ಮೀಡಿಯನ್ ಇರುವ ರಸ್ತೆಯಲ್ಲಿ ಪ್ರತಿ ಬದಿಯೂ ತನ್ನ ಎಡಕ್ಕೆ, ಫುಟ್‌ಪಾತ್ ಕಡೆ ಇಳಿಜಾರಾಗಿರುತ್ತದೆ. ನೀರು ಚರಂಡಿಗೆ ಹೋಗಲಿ ಅಂತ. ನೇರ ರಸ್ತೆಗೆ ಅದು ಸರಿ. ಎಡಕ್ಕೆ ತಿರುಗುವ ತಿರುವಿನಲ್ಲಿ ಅದೇ ಇಳಿಜಾರು ಪುಕ್ಕಟೆ ಬ್ಯಾಂಕಿಂಗ್ ಆಗಿಬಿಡುತ್ತದೆ. ಬಲಕ್ಕೆ ತಿರುಗುವಾಗ ಮಾತ್ರ ಅದು ಪೂರ್ತಿ ಉಲ್ಟಾ. ಗಾಡಿ ಬಲಕ್ಕೆ ಹೋಗಬೇಕು, ರಸ್ತೆ ಎಡಕ್ಕೆ ಜಾರಿಸುತ್ತದೆ. ಅಲ್ಲಿ ಇಳಿಜಾರನ್ನು ಮೀಡಿಯನ್ ಕಡೆಗೆ ತಿರುಗಿಸಲೇಬೇಕು. ಒಂದೇ ರಸ್ತೆಯಲ್ಲಿ ಹೋಗುವಾಗ ಬೀಳುತ್ತಾರೆ, ಬರುವಾಗ ಬೀಳಲ್ಲ ಅನ್ನುವ ಜಾಗಗಳಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಕನಕಪುರ ರಸ್ತೆ ಸವಾರ

ಸರ್, ನೀವು ಹೇಳಿದ ಮೇಲೆ ಹೊಳೆಯಿತು. ನಿಜವಾಗಲೂ ಬರುವ ಬದಿಯಲ್ಲಿ ಯಾರೂ ಬಿದ್ದಿದ್ದು ನಾನು ನೋಡಿಲ್ಲ. ಬೀಳುವವರೆಲ್ಲ ಹೋಗುವ ಬದಿಯಲ್ಲೇ.

ಪಿಯು ವಿದ್ಯಾರ್ಥಿನಿ, ಜಯನಗರ

ಮೇಷ್ಟ್ರೇ, ನಮಗೆ ಭೌತಶಾಸ್ತ್ರದಲ್ಲಿ ಇದೇ ಪಾಠ ಇದೆ. ಪುಸ್ತಕದ ಉದಾಹರಣೆಯಲ್ಲಿ 300 ಮೀಟರ್ ತ್ರಿಜ್ಯದ ರೇಸ್ ಟ್ರ್ಯಾಕ್ 15 ಡಿಗ್ರಿ ವಾಲಿರುತ್ತದೆ. ಟೈರು ಸವೆಯದೆ ಹೋಗುವ ವೇಗ ಸೆಕೆಂಡಿಗೆ 28.1 ಮೀಟರ್, ಜಾರದೆ ಹೋಗಬಹುದಾದ ಗರಿಷ್ಠ ವೇಗ 38.1 ಮೀಟರ್ ಅಂತ ಉತ್ತರ ಬರುತ್ತದೆ. ಶೇ. 7 ಅಂದರೆ ಬರೀ 4 ಡಿಗ್ರಿ ಆಯಿತು. ಟ್ರ್ಯಾಕ್‌ಗೆ 15 ಕೊಡಬಹುದಾದರೆ ರಸ್ತೆಗೆ ಯಾಕೆ ಕೊಡಬಾರದು? ಇನ್ನೊಂದು, ಲೆಕ್ಕದಲ್ಲಿ ಗಾಡಿಯ ತೂಕವೇ ಬರಲ್ಲ. ಲಾರಿಗೂ ಸ್ಕೂಟರಿಗೂ ಒಂದೇ ಬ್ಯಾಂಕಿಂಗ್ ಸಾಕಾ?

ಡಿಪ್ಲೊಮಾ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಅದೇ ಉದಾಹರಣೆಯನ್ನು ಇನ್ನೊಂದು ಸಲ ನೋಡು. ಘರ್ಷಣೆಯ ಗುಣಾಂಕ 0.2 ಅಂತ ಕೊಟ್ಟಿದ್ದಾರೆ. 15 ಡಿಗ್ರಿಯ ಇಳಿಜಾರು 0.268. ಅಂದರೆ ಆ ಟ್ರ್ಯಾಕಿನ ಮೇಲೆ ಕಾರು ನಿಲ್ಲಿಸಿದರೆ ಅದು ನಿಲ್ಲುವುದೇ ಇಲ್ಲ, ಒಳಕ್ಕೆ ಜಾರುತ್ತದೆ! ರೇಸ್ ಟ್ರ್ಯಾಕಿನಲ್ಲಿ ಯಾರೂ ನಿಲ್ಲುವುದಿಲ್ಲ, ನಡೆಯುತ್ತದೆ. ಬೆಂಗಳೂರಿನಲ್ಲಿ ತಿರುವಿನ ಮೇಲೇ ಟ್ರಾಫಿಕ್ ಜಾಮ್ ಆಗಿ ಕಾಲು ಗಂಟೆ ನಿಲ್ಲಬೇಕಾಗುತ್ತದೆ. ಸೊಪ್ಪಿನ ಗಾಡಿ, ಹುಲ್ಲು ತುಂಬಿದ ಟೆಂಪೊ, ಸೈಕಲ್ ಎಲ್ಲ ಅದೇ ರಸ್ತೆಯಲ್ಲಿ ಬರುತ್ತವೆ. ಜೋರಾಗಿ ಹೋಗುವವನಿಗೆ ಅನುಕೂಲ ಮಾಡಲು ಹೋಗಿ ನಿಂತವನನ್ನು ಬೀಳಿಸಬಾರದು.

ಇದಕ್ಕೇ ನಮ್ಮ ದೇಶದಲ್ಲಿ ಒಂದು ಪದ್ಧತಿ ಇದೆ. ವಿನ್ಯಾಸದ ವೇಗದ ಶೇ. 75ನ್ನು ಮಾತ್ರ ತಗೊಂಡು, ಆ ವೇಗಕ್ಕೆ ಘರ್ಷಣೆಯೇ ಬೇಡ ಅನ್ನುವಷ್ಟು ಬ್ಯಾಂಕಿಂಗ್ ಲೆಕ್ಕ ಹಾಕುತ್ತೇವೆ. ಆಗ 127ರ ಜಾಗಕ್ಕೆ 225 ಬರುತ್ತದೆ. ಉತ್ತರ ಶೇ. 7 ದಾಟಿದರೆ 7ಕ್ಕೆ ನಿಲ್ಲಿಸುತ್ತೇವೆ. ಆಮೇಲೆ ಪೂರ್ತಿ ವೇಗಕ್ಕೆ ಘರ್ಷಣೆ 0.15ರ ಒಳಗೆ ಇದೆಯಾ ಅಂತ ನೋಡುತ್ತೇವೆ. ಇಲ್ಲದಿದ್ದರೆ ತ್ರಿಜ್ಯ ಹೆಚ್ಚಿಸಬೇಕು, ಅದಕ್ಕೆ ಜಾಗ ಇಲ್ಲ ಅಂದರೆ ವೇಗ ಇಳಿಸಿ ಬೋರ್ಡ್ ಹಾಕಬೇಕು. 230 ಮೀಟರ್, 80 ಕಿ.ಮೀ. ಇಟ್ಟುಕೊಂಡು ನೀನೇ ಮಾಡಿ ನೋಡು. ಮೊದಲು 0.124 ಬರುತ್ತದೆ. ಅದನ್ನು 0.07ಕ್ಕೆ ಇಳಿಸಿದರೆ ಘರ್ಷಣೆಗೆ ಉಳಿಯುವುದು 0.149. ಕೂದಲೆಳೆಯಲ್ಲಿ ಪಾಸು. 80ಕ್ಕೆ 230 ಅನ್ನುವ ಸಂಖ್ಯೆ ಬಂದದ್ದೇ ಹೀಗೆ.

ತೂಕದ ಪ್ರಶ್ನೆ: ಜಾರುವ ಲೆಕ್ಕದಲ್ಲಿ ತೂಕ ಎರಡೂ ಕಡೆ ಇರುವುದರಿಂದ ಹೊಡೆದು ಹೋಗುತ್ತದೆ. ಮಗುಚುವ ಲೆಕ್ಕ ಬೇರೆ. ಅದನ್ನು ಲಾರಿ ಓಡಿಸಿದವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಲಾರಿ ಮಾಲೀಕ, ಯಶವಂತಪುರ

ಹೇಳುತ್ತೇನೆ ಸರ್. ಲೋಡ್ ಲಾರಿ ತಿರುವಿನಲ್ಲಿ ಜಾರುವುದಕ್ಕಿಂತ ಮುಂಚೆ ಮಗುಚುತ್ತದೆ. ನಮಗೆ ತೂಕಕ್ಕಿಂತ ಎತ್ತರದ ಭಯ ಜಾಸ್ತಿ. ಅದೇ ತೂಕದ ಕಬ್ಬಿಣ ತುಂಬಿದರೆ ಲೋಡು ತಳದಲ್ಲೇ ಇರುತ್ತದೆ, ಧೈರ್ಯ. ಹತ್ತಿ ಮೂಟೆ, ಹೊಟ್ಟು, ಖಾಲಿ ಕ್ರೇಟುಗಳನ್ನು ಎತ್ತರಕ್ಕೆ ಕಟ್ಟಿದರೆ ತಿರುವಿನಲ್ಲಿ ಲಾರಿ ಹೊರಕ್ಕೆ ಒರಗುವುದು ಸ್ಟೀರಿಂಗ್‌ನಲ್ಲೇ ಗೊತ್ತಾಗುತ್ತದೆ. ಅರ್ಧ ತುಂಬಿದ ಟ್ಯಾಂಕರ್ ಅಂತೂ ಬಹಳ ಕೆಟ್ಟದ್ದು. ಒಳಗಿನ ನೀರು ಒಂದು ಕಡೆ ಸೇರಿ ಟ್ಯಾಂಕನ್ನೇ ಎಳೆಯುತ್ತದೆ. ನಮ್ಮ ಏರಿಯಾಗಳಲ್ಲಿ ಓಡಾಡುವ ನೀರಿನ ಟ್ಯಾಂಕರ್‌ಗಳನ್ನು ನೋಡಿ, ಇಳಿಸುತ್ತಾ ಹೋದ ಹಾಗೆ ಅರ್ಧಕ್ಕೆ ಬಂದಿರುತ್ತವೆ.

ಫ್ಲೈಓವರ್ ಲೂಪ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಲೂಪ್ ಶುರುವಿನಲ್ಲಿ ದೊಡ್ಡದಾಗಿ ಕಾಣುತ್ತದೆ, ಒಳಗೆ ಹೋದ ಮೇಲೆ ಬಿಗಿಯಾಗುತ್ತದೆ. ಹೊಸ ಡ್ರೈವರ್ ಮೊದಲು ಕಂಡ ತಿರುವಿಗೆ ತಕ್ಕ ವೇಗ ಇಟ್ಟುಕೊಂಡು ಹೋಗಿರುತ್ತಾನೆ. ನಡುವೆ ಬ್ರೇಕ್ ಹಿಡಿಯುತ್ತಾನೆ. ಬೀಳುವುದು ಅಲ್ಲೇ.

ಡಿಪ್ಲೊಮಾ ಮೇಷ್ಟ್ರು

ಸರಿಯಾಗಿ ಹೇಳಿದಿರಿ. ಮಗುಚುವ ಮಿತಿ ಅಂದರೆ ಎರಡು ಚಕ್ರಗಳ ನಡುವಿನ ಅಗಲದ ಅರ್ಧವನ್ನು ಲೋಡು ಸೇರಿದ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದ್ದು. ಅಗಲ 1.8 ಮೀಟರ್, ಎತ್ತರ 2.1 ಮೀಟರ್ ಅಂದುಕೊಳ್ಳಿ. 0.43 ಆಗುತ್ತದೆ. ತ್ರಿಜ್ಯ 30 ಮೀಟರ್ ಇರುವ ಸಮತಟ್ಟು ಲೂಪಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋದರೆ ಬೇಕಾಗುವುದು 0.42. ಸ್ಪ್ರಿಂಗ್ ಒರಗುವುದು, ಲೋಡ್ ಅಲ್ಲಾಡುವುದು ಸೇರಿದರೆ ಕಥೆ ಮುಗಿಯಿತು. ಕಾರಿಗೆ ಅದೇ ವೇಗ ಅದೇ ಲೂಪಿನಲ್ಲಿ ಬರೀ ಟೈರಿನ ಕಿರುಚಾಟ. ಅದಕ್ಕೇ ಲೂಪ್‌ಗಳಲ್ಲಿ ಕಾರಿನವರ ಅನುಭವ ನಂಬಿ ವೇಗದ ಬೋರ್ಡ್ ಹಾಕಬಾರದು.

ನಿವೃತ್ತ ಬಸ್ ಚಾಲಕ

ನಾನು ಮಂಗಳೂರು ಕಡೆಯ ಘಟ್ಟಗಳಲ್ಲಿ ಬಸ್ ಓಡಿಸಿದವನು, ಕೊನೆಗೆ ಬೆಂಗಳೂರಿನಲ್ಲಿ ಸಿಟಿ ಬಸ್. ಘಟ್ಟದ ಹೇರ್‌ಪಿನ್ ತಿರುವಿನಲ್ಲಿ ಒಳಬದಿ ಎಷ್ಟು ತಗ್ಗಿರುತ್ತದೆ ಅಂದರೆ ನಿಧಾನಕ್ಕೆ ಹತ್ತುವಾಗ ಬಸ್ಸು ಗುಡ್ಡದ ಕಡೆ ವಾಲುತ್ತದೆ. ಮಳೆಗಾಲದಲ್ಲಿ ಅಲ್ಲಿ ನಿಲ್ಲಿಸಿ ಮತ್ತೆ ಎತ್ತುವುದು ಕಷ್ಟ, ಹಿಂದಿನ ಚಕ್ರ ಒಳಕ್ಕೆ ಸರಿಯುತ್ತದೆ. ಬ್ಯಾಂಕಿಂಗ್ ಜಾಸ್ತಿ ಆದರೆ ಏನಾಗುತ್ತದೆ ಅನ್ನುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಸಿಟಿ ಬಸ್ಸಿನಲ್ಲಿ ಅರ್ಧ ಜನ ನಿಂತಿರುತ್ತಾರೆ. ವಯಸ್ಸಾದವರು, ಕಂಕುಳಲ್ಲಿ ಮಗು ಇರುವ ತಾಯಂದಿರು. ರಸ್ತೆ ಉಲ್ಟಾ ವಾಲಿದ ತಿರುವಿನಲ್ಲಿ 25ರಲ್ಲಿ ಹೋದರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಬೈಗುಳ ಡ್ರೈವರಿಗೆ. ಇನ್ನೊಂದು ವಿಷಯ: ವಾಲು ಎಷ್ಟೇ ಇರಲಿ, ಅದು ನಿಧಾನವಾಗಿ ಬರಬೇಕು. ನೇರ ರಸ್ತೆ ಮುಗಿದ ಕೂಡಲೇ ದಿಢೀರ್ ಅಂತ ವಾಲಿದರೆ ಬಸ್ಸು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಾಡುತ್ತದೆ. ಹಿಂದಿನ ಸೀಟಿನವರಿಗೆ ವಾಂತಿ ಬರುವುದು ಇದರಿಂದಲೇ.

ಸೈಟ್ ಎಂಜಿನಿಯರ್, ರಸ್ತೆ ಕೆಲಸ

ಚಾಲಕರು ಹೇಳಿದ್ದು ನೂರಕ್ಕೆ ನೂರು ಸತ್ಯ. ನೇರ ರಸ್ತೆಗೂ ತಿರುವಿಗೂ ನಡುವೆ ಟ್ರಾನ್ಸಿಷನ್ ಅಂತ ಒಂದು ಭಾಗ ಇರಬೇಕು. ಅಲ್ಲಿ ತಿರುವು ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತದೆ, ಅದರ ಜೊತೆಗೇ ವಾಲೂ ಬರುತ್ತದೆ. ಬಯಲಿನಲ್ಲಿ ಹೊರ ಅಂಚು ಒಂದು ಮೀಟರ್ ಏರಲು 150 ಮೀಟರ್ ಉದ್ದ ಬೇಕು. ಘಟ್ಟದಲ್ಲಿ ಜಾಗ ಇಲ್ಲ ಅಂತ 60ಕ್ಕೆ ಬಿಡುತ್ತಾರೆ. ಹೇರ್‌ಪಿನ್ ಲೆಕ್ಕವೇ ಬೇರೆ: 20 ಕಿ.ಮೀ. ವೇಗ, ಒಳ ತ್ರಿಜ್ಯ ಕನಿಷ್ಠ 14 ಮೀಟರ್, ವಾಲು ಹತ್ತಕ್ಕೆ ಒಂದು.

ನಾನು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ನಮ್ಮ ಊರಿನಲ್ಲಿ ಎಷ್ಟೋ ತಿರುವುಗಳಿಗೆ ಡ್ರಾಯಿಂಗ್‌ನಲ್ಲಿ ಬ್ಯಾಂಕಿಂಗ್ ಇರುತ್ತದೆ. ಮೊದಲ ಸಲ ಕಟ್ಟುವಾಗ ಕೊಟ್ಟೂ ಇರುತ್ತಾರೆ. ಅದು ಸಾಯುವುದು ಮರುಡಾಂಬರೀಕರಣದಲ್ಲಿ. ಟಾರು ಹಾಸುವ ಪೇವರ್ ಮಿಷಿನ್ ನೇರ ರಸ್ತೆಯ ಇಳಿಜಾರಿಗೆ ಸೆಟ್ ಆಗಿರುತ್ತದೆ. ರಾತ್ರಿ ಹತ್ತರ ಮೇಲೆ ಕೆಲಸ, ಬೆಳಗಿನ ಟ್ರಾಫಿಕ್ ಶುರುವಾಗುವ ಹೊತ್ತಿಗೆ ಬಿಟ್ಟುಕೊಡಬೇಕು. ಹಾಟ್ ಮಿಕ್ಸ್ ಲಾರಿ ಬಂದು ನಿಂತಿದೆ, ಮಾಲು ತಣ್ಣಗಾಗುತ್ತಿದೆ. ತಿರುವಿಗೆ ಬಂದಾಗ ನಿಲ್ಲಿಸಿ, ಗೂಟ ಹೊಡೆದು, ದಾರ ಕಟ್ಟಿ, ಲೆವೆಲ್ ನೋಡಿ ಸೆಟ್ಟಿಂಗ್ ಬದಲಿಸುವವರು ಯಾರು? ಅದೇ ಸೆಟ್ಟಿಂಗ್‌ನಲ್ಲಿ ಎಳೆದುಕೊಂಡು ಹೋಗುತ್ತಾರೆ. ಮೀಡಿಯನ್ ಕಲ್ಲಿನ ಹತ್ತಿರ ದಪ್ಪ ಬೀಳುತ್ತದೆ, ಫುಟ್‌ಪಾತ್ ಹತ್ತಿರ ಚೇಂಬರ್ ಮುಚ್ಚಳ ಮುಳುಗಬಾರದು ಅಂತ ತೆಳ್ಳಗೆ ಮಾಡುತ್ತಾರೆ. ಹೀಗೆ ಒಂದರ ಮೇಲೊಂದು ಪದರ ಬಿದ್ದರೆ ಶೇ. 3 ಒಳಕ್ಕೆ ವಾಲಿದ್ದ ರಸ್ತೆ ಸಮ ಆಗುತ್ತದೆ, ಆಮೇಲೆ ಹೊರಕ್ಕೆ ತಿರುಗುತ್ತದೆ. ಹೊಳೆಯುವ ಹೊಸ ಟಾರು ನೋಡಿ ಎಲ್ಲರಿಗೂ ಖುಷಿ. ವೇಗವೂ ಏರುತ್ತದೆ.

ಹಳೇ ಪದರವನ್ನು ಮಿಲ್ಲಿಂಗ್ ಮಿಷಿನ್‌ನಲ್ಲಿ ಕೆರೆದು ತೆಗೆದು ಅದೇ ಮಟ್ಟಕ್ಕೆ ಹಾಕಿದರೆ ಆಕಾರ ಉಳಿಯುತ್ತದೆ. ಕೆಟ್ಟ ಆಕಾರ ಇದ್ದರೆ ಕೆಳಗೆ ಪ್ರೊಫೈಲ್ ಸರಿಪಡಿಸುವ ಪದರ ಹಾಕಿ ಆಮೇಲೆ ಮೇಲಿನ ಪದರ ಹಾಕಬೇಕು. ಇದು ಟೆಂಡರ್‌ನಲ್ಲೇ ಬರೆದಿರಬೇಕು. ಬರೆದಿಲ್ಲ ಅಂದರೆ ಯಾವ ಗುತ್ತಿಗೆದಾರನೂ ತನ್ನ ದುಡ್ಡಿನಲ್ಲಿ ಮಾಡುವುದಿಲ್ಲ.

ಕನಕಪುರ ರಸ್ತೆ ಸವಾರ

ಅಣ್ಣಾ, ಇದನ್ನು ನಾವೇ ಅಳೆಯಬಹುದಾ? "ವಾಲಿದೆ ಅನ್ನಿಸುತ್ತದೆ" ಅಂತ ಪತ್ರ ಬರೆದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಸೈಟ್ ಎಂಜಿನಿಯರ್, ರಸ್ತೆ ಕೆಲಸ

ಖಂಡಿತ ಅಳೆಯಬಹುದು. ಗಾರೆ ಮೇಸ್ತ್ರಿ ಹತ್ತಿರ ಇರುವ ರಸಮಟ್ಟ ಸಾಕು. ಒಂದು ಮೀಟರ್ ಉದ್ದದ ನೇರ ಪಟ್ಟಿ ತಗೊಂಡು, ರಸ್ತೆಗೆ ಅಡ್ಡಲಾಗಿ, ಅಂದರೆ ಮೀಡಿಯನ್‌ನಿಂದ ಫುಟ್‌ಪಾತ್ ಕಡೆಗೆ ಇಡಿ. ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವೆ ಬರುವವರೆಗೆ ತಗ್ಗಿನ ಬದಿಯನ್ನು ಎತ್ತಿ. ಆ ಬದಿಯಲ್ಲಿ ಪಟ್ಟಿಗೂ ರಸ್ತೆಗೂ ನಡುವಿನ ಸಂದು ಎಷ್ಟು ಸೆಂ.ಮೀ. ಇದೆಯೋ ಅದೇ ಶೇಕಡಾ ಇಳಿಜಾರು. ಒಂದೇ ಜಾಗದಲ್ಲಿ ನೋಡಬೇಡಿ. ತಿರುವಿನ ಶುರು, ನಡು, ಕೊನೆ ಮೂರೂ ಕಡೆ ನೋಡಿ. ಗುಂಡಿ ಮುಚ್ಚಿದ ತೇಪೆಯ ಮೇಲೆ ಇಡಬೇಡಿ.

ತ್ರಿಜ್ಯಕ್ಕೆ ಒಂದು ದಾರ ಸಾಕು. ದಾರದ ನಡುಭಾಗ ರಸ್ತೆಯ ಮೇಲೆ ಬರುವುದರಿಂದ ಇದನ್ನೂ ಗಾಡಿ ನಿಲ್ಲಿಸಿದಾಗಲೇ ಮಾಡಿ. ಫುಟ್‌ಪಾತ್ ಕಲ್ಲಿನ ರಸ್ತೆ ಕಡೆಯ ಅಂಚಿನಲ್ಲಿ ಎರಡು ಗುರುತು ಹಾಕಿ, ನಡುವೆ 20 ಮೀಟರ್ ದಾರ ಬಿಗಿಯಾಗಿ ಎಳೆಯಿರಿ. ದಾರದ ಸರಿ ಮಧ್ಯದಿಂದ ಕಲ್ಲಿನ ಅಂಚಿಗೆ ಎಷ್ಟು ದೂರ ಅಂತ ಅಳೆಯಿರಿ. 20ರ ವರ್ಗ 400. ಆ ದೂರವನ್ನು ಮೀಟರಿನಲ್ಲಿ ತಗೊಂಡು, 400ನ್ನು ಅದರ ಎಂಟರಷ್ಟರಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ.

ದಯವಿಟ್ಟು ಟ್ರಾಫಿಕ್ ಪೊಲೀಸರಿಗೆ ಹೇಳಿ, ಅವರು ಗಾಡಿ ನಿಲ್ಲಿಸಿಕೊಟ್ಟಾಗ ಮಾತ್ರ ರಸ್ತೆಗೆ ಇಳಿಯಿರಿ. ಕುರುಡು ತಿರುವಿನಲ್ಲಿ ಬಗ್ಗಿ ಕೂತು ಅಳೆಯುವುದು ಪ್ರಾಣಕ್ಕೆ ಅಪಾಯ.

ಕನಕಪುರ ರಸ್ತೆ ಸವಾರ

ಅಳೆದೆವು. ಭಾನುವಾರ ಬೆಳಗ್ಗೆ ಟ್ರಾಫಿಕ್ ಪೊಲೀಸರೊಬ್ಬರು ನಿಂತು ಸಹಾಯ ಮಾಡಿದರು. ಬಡಾವಣೆಯ ಮೇಸ್ತ್ರಿಯೊಬ್ಬರು ಪಟ್ಟಿ, ರಸಮಟ್ಟ ತಂದರು. ದಾರದ ಮಧ್ಯದಿಂದ ಕಲ್ಲಿಗೆ 83 ಸೆಂ.ಮೀ. ಅಂದರೆ ತ್ರಿಜ್ಯ 60 ಮೀಟರ್ ಹತ್ತಿರ. ಇಳಿಜಾರು ತಿರುವಿನ ನಡುಭಾಗದಲ್ಲಿ 2 ಸೆಂ.ಮೀ., ಎಡಕ್ಕೆ. ಪಟ್ಟಿಯ ಎಡ ತುದಿಯನ್ನೇ ಎತ್ತಬೇಕಾಯಿತು. ಮೇಸ್ತ್ರಿ ನಂಬದೆ ಪಟ್ಟಿ ತಿರುಗಿಸಿ ಇಟ್ಟು ಮತ್ತೆ ನೋಡಿದರು, ಅದೇ ಬಂತು. ಶುರುವಿನಲ್ಲಿ, ಕೊನೆಯಲ್ಲೂ ಎಡಕ್ಕೇ ಇದೆ. ರಸ್ತೆಯ ಅಗಲ 7 ಮೀಟರ್.

ಇನ್ನೊಂದು ಕಂಡಿತು. ಫುಟ್‌ಪಾತ್ ಪಕ್ಕ ಚರಂಡಿ ಜಾಲರಿಯ ಸುತ್ತ ಸಣ್ಣ ಜಲ್ಲಿ, ಮರಳು ಗುಡ್ಡೆಯಾಗಿದೆ. ಮಳೆ ನೀರು ಎಲ್ಲವನ್ನೂ ಹೊರ ಅಂಚಿಗೆ ತಂದು ಹಾಕುತ್ತದೆ. ಗಾಡಿ ಜಾರಿಕೊಂಡು ಹೋಗುವುದೂ ಅಲ್ಲಿಗೇ.

ಡಿಪ್ಲೊಮಾ ಮೇಷ್ಟ್ರು

ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಈಗ ಲೆಕ್ಕ ನೋಡಿ. ಈ ತಿರುವಿನಲ್ಲಿ 40ರಲ್ಲಿ ಹೋದರೆ ಒಟ್ಟು ಬೇಕಾಗುವುದು 0.21. ರಸ್ತೆ ಉಲ್ಟಾ ವಾಲಿರುವುದರಿಂದ ಟೈರು 0.23 ಕೊಡಬೇಕು. ಸರಿಯಾಗಿ ಶೇ. 4 ಒಳಕ್ಕೆ ವಾಲಿದ್ದರೆ 0.17 ಸಾಕಿತ್ತು. ಒಣ ರಸ್ತೆಯಲ್ಲಿ ಎರಡೂ ನಡೆಯುತ್ತವೆ, ಯಾರಿಗೂ ಗೊತ್ತೂ ಆಗುವುದಿಲ್ಲ. ಏಪ್ರಿಲ್–ಮೇ ತಿಂಗಳ ಮೊದಲ ಮಳೆಯಲ್ಲಿ, ರಸ್ತೆ ಮೇಲಿನ ಎಣ್ಣೆ ಧೂಳು ಕಲೆತು ಜಿಡ್ಡಾದಾಗ, ಅದರ ಮೇಲೆ ಜಲ್ಲಿ ಪುಡಿ ಬಿದ್ದಾಗ, ಈ ವ್ಯತ್ಯಾಸವೇ ಬೀಳುವುದಕ್ಕೂ ಪಾರಾಗುವುದಕ್ಕೂ ಕಾರಣವಾಗಬಹುದು.

ವೇಗದ ಕಡೆಯಿಂದ ನೋಡಿ. ಘರ್ಷಣೆ 0.15 ಮೀರಬಾರದು ಅಂದರೆ, ಈಗಿನ ಸ್ಥಿತಿಯಲ್ಲಿ ಸುರಕ್ಷಿತ ವೇಗ ಸುಮಾರು 31. ರಸ್ತೆ ಸಮ ಮಾಡಿದರೆ 34. ಒಳಕ್ಕೆ ಶೇ. 2 ಕೊಟ್ಟರೆ 36, ಶೇ. 4 ಕೊಟ್ಟರೆ 38. ಬ್ಯಾಂಕಿಂಗ್ ಒಂದರಿಂದಲೇ ಎಲ್ಲ ಸರಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ತ್ರಿಜ್ಯ 80 ಮೀಟರ್ ಇದ್ದಿದ್ದರೆ ಶೇ. 4ಕ್ಕೇ 44 ಸಿಗುತ್ತಿತ್ತು. ಹೊಸ ಬಡಾವಣೆ ನಕ್ಷೆ ಮಾಡುವಾಗ ಮೂಲೆ ಸೈಟಿನಿಂದ ಸ್ವಲ್ಪ ಜಾಗ ರಸ್ತೆಗೆ ಬಿಡಿಸಿಕೊಂಡರೆ ಸಿಗುವ ಲಾಭ ಆಮೇಲೆ ಎಷ್ಟು ಟಾರು ಸುರಿದರೂ ಸಿಗದು. ಇಲ್ಲಿ ಆ ಕಾಲ ಮುಗಿದಿದೆ. ಉಲ್ಟಾ ವಾಲನ್ನಾದರೂ ತೆಗೆಯಲೇಬೇಕು.

ಕೋಣನಕುಂಟೆ ನಿವಾಸಿ

ಮೇಷ್ಟ್ರೇ, ನನ್ನ ಅಂಗಡಿ ಇರುವುದು ಆ ಎಡ ಬದಿಯಲ್ಲೇ. ಹೊರ ಅಂಚು ಎತ್ತರ ಮಾಡುತ್ತೀರಿ ಅಂದರೆ ರಸ್ತೆ ನಮ್ಮ ಹೊಸ್ತಿಲಿಗಿಂತ ಮೇಲೆ ಬರುತ್ತದೆ. ಈಗಲೇ ಟಾರಿನ ಮೇಲೆ ಟಾರು ಹಾಕಿ ಹಾಕಿ ಎರಡು ಮೆಟ್ಟಿಲು ಮುಚ್ಚಿಹೋಗಿವೆ. ಫುಟ್‌ಪಾತ್ ಮೇಲೆ ಬಿದ್ದ ಮಳೆ ನೀರು ಅಂಗಡಿಗೆ ನುಗ್ಗಿದರೆ ಯಾರು ಹೊಣೆ? ಬೈಕಿನವರ ಜೀವ ಮುಖ್ಯ, ಒಪ್ಪುತ್ತೇನೆ. ನಮ್ಮ ಹೊಟ್ಟೆಪಾಡೂ ನೋಡಿ.

ಸೈಟ್ ಎಂಜಿನಿಯರ್, ರಸ್ತೆ ಕೆಲಸ

ಅಣ್ಣಾ, ನಿಮ್ಮ ಆತಂಕ ನ್ಯಾಯವಾದದ್ದು. ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. 7 ಮೀಟರ್ ಅಗಲದಲ್ಲಿ ಹೊರಕ್ಕೆ ಶೇ. 2 ಇರುವುದನ್ನು ಒಳಕ್ಕೆ ಶೇ. 4 ಮಾಡಬೇಕಾದರೆ, ಮೀಡಿಯನ್ ಅಂಚು ಹಾಗೇ ಇಟ್ಟುಕೊಂಡರೆ ನಿಮ್ಮ ಬದಿ 42 ಸೆಂ.ಮೀ. ಏರಬೇಕು. ಅದನ್ನು 150ಕ್ಕೆ ಒಂದರಂತೆ ಏರಿಸಲು ತಿರುವಿನ ಎರಡೂ ತುದಿಗೆ 63 ಮೀಟರ್ ಬೇಕು. ಅಂಗಡಿ ಸಾಲಿರುವ ಕಡೆ ಅದು ಆಗುವ ಮಾತಲ್ಲ.

ಬೇರೆ ದಾರಿ ಇದೆ. ರಸ್ತೆಯನ್ನು ನಡುಗೆರೆಯ ಮೇಲೆ ತಿರುಗಿಸಬಹುದು. ಆಗ ನಿಮ್ಮ ಬದಿ 21 ಸೆಂ.ಮೀ. ಏರುತ್ತದೆ, ಮೀಡಿಯನ್ ಬದಿ 21 ಸೆಂ.ಮೀ. ಇಳಿಯುತ್ತದೆ. ಶೇ. 2ಕ್ಕೆ ನಿಲ್ಲಿಸಿದರೆ ಎರಡೂ ಕಡೆ 14 ಸೆಂ.ಮೀ. ಮಾತ್ರ. ಇನ್ನೂ ಒಳ್ಳೆಯದು ನಿಮ್ಮ ಅಂಚನ್ನು ಮುಟ್ಟದೆ ಮೀಡಿಯನ್ ಬದಿಯನ್ನೇ ಕೆರೆದು ತಗ್ಗಿಸುವುದು. ಶೇ. 2ಕ್ಕೆ 28 ಸೆಂ.ಮೀ. ಇಳಿಸಬೇಕು. ಅಷ್ಟು ಇಳಿದರೆ ಟಾರು ಮಾತ್ರ ಅಲ್ಲ, ಕೆಳಗಿನ ಜಲ್ಲಿ ಪದರವನ್ನೂ ಅಗೆದು ಮತ್ತೆ ಕಟ್ಟಬೇಕಾಗುತ್ತದೆ. ಖರ್ಚು ಜಾಸ್ತಿ. ಆದರೆ ಹಳೇ ಪದರಗಳು ಮೀಡಿಯನ್ ಹತ್ತಿರವೇ ದಪ್ಪ ಬಿದ್ದಿದ್ದರೆ ಕೆರೆದು ತೆಗೆಯುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ರಸ್ತೆ ಕೊರೆದು ಒಂದು ಕೋರ್ (ಟಾರಿನ ತುಂಡು) ತೆಗೆದು ದಪ್ಪ ನೋಡಿದರೆ ಗೊತ್ತಾಗುತ್ತದೆ.

ನೀರಿನ ಮಾತು. ಇಳಿಜಾರು ಮೀಡಿಯನ್ ಕಡೆಗೆ ತಿರುಗಿದ ಮೇಲೆ ನೀರೂ ಅಲ್ಲಿಗೇ ಹೋಗುತ್ತದೆ, ನಿಮ್ಮ ಕಡೆ ಬರುವ ನೀರು ಕಡಿಮೆಯಾಗುತ್ತದೆ. ಆದರೆ ಮೀಡಿಯನ್ ಪಕ್ಕ ಜಾಲರಿ ಗುಂಡಿ ಮಾಡಿ, ರಸ್ತೆ ಕೆಳಗೆ ಅಡ್ಡ ಪೈಪ್ ಹಾಕಿ ನಿಮ್ಮ ಬದಿಯ ಚರಂಡಿಗೆ ಸೇರಿಸಬೇಕು. ಇಲ್ಲದಿದ್ದರೆ ಬಲ ಲೇನಿನಲ್ಲಿ ನೀರು ನಿಂತು, ಜೋರಾಗಿ ಬರುವ ಕಾರುಗಳು ಅದರ ಮೇಲೆ ತೇಲುತ್ತವೆ. ಎಷ್ಟೋ ಕಡೆ ಇಳಿಜಾರನ್ನು ತಿರುಗಿಸದೇ ಬಿಡುವುದಕ್ಕೆ ನಿಜವಾದ ಕಾರಣ ಈ ಅಡ್ಡ ಪೈಪು. ಅದಕ್ಕೆ ರಸ್ತೆ ಅಗೆಯಬೇಕು, ಕೆಳಗೆ ಕೇಬಲ್ಲು, ನೀರಿನ ಪೈಪು, ಒಳಚರಂಡಿ ಎಲ್ಲ ಇರುತ್ತದೆ. ಎಲ್ಲರ ಒಪ್ಪಿಗೆ ಬೇಕು. ಆ ತಲೆನೋವು ಬೇಡ ಅಂತ ನೇರ ರಸ್ತೆಯ ಇಳಿಜಾರನ್ನೇ ತಿರುವಿಗೂ ಎಳೆದುಬಿಡುತ್ತಾರೆ.

ಸ್ಕೂಟರ್ ಸವಾರಿಣಿ, ಬನಶಂಕರಿ

ಒಂದು ಮಾತು ಸೇರಿಸುತ್ತೇನೆ. ಆ ತಿರುವಿನಲ್ಲಿ ಮೀಡಿಯನ್ ಗಿಡಗಳು ಎದೆಯೆತ್ತರ ಬೆಳೆದಿವೆ. ಮುಂದೆ ಗಾಡಿ ನಿಂತಿದ್ದರೆ ಕಾಣುವುದೇ ಇಲ್ಲ. ತಟ್ಟನೆ ಬ್ರೇಕ್ ಹಿಡಿದೇ ಎಷ್ಟೋ ಜನ ಬೀಳುವುದು.

ಡಿಪ್ಲೊಮಾ ಮೇಷ್ಟ್ರು

ಮೇಡಂ, ಬಹಳ ಮುಖ್ಯವಾದ ವಿಷಯ ನೆನಪಿಸಿದಿರಿ. 40 ಕಿ.ಮೀ. ವೇಗಕ್ಕೆ ನಿಲ್ಲಿಸಲು ಬೇಕಾದ ನೋಟದ ದೂರ 45 ಮೀಟರ್. ಈ ತ್ರಿಜ್ಯಕ್ಕೆ ಲೇನಿನ ನಡುವಿನಿಂದ ಒಳಬದಿಗೆ 4 ಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ ತೆರವಾಗಿರಬೇಕು. ಮೀಡಿಯನ್ ಪಕ್ಕದ ಲೇನಿನವರಿಗೆ ಗಿಡ ಸಿಗುವುದು ಎರಡು ಮೀಟರಿನ ಒಳಗೇ. ಗಿಡವನ್ನು ಮೊಣಕಾಲಿಗಿಂತ ಕೆಳಗೆ ಕತ್ತರಿಸುವುದು ನಾಳೆಯೇ ಆಗುವ ಕೆಲಸ. ತಿರುಗುವಾಗಲೇ ಬ್ರೇಕ್ ಹಿಡಿದರೆ ಟೈರಿನ ಹಿಡಿತ ಎರಡು ಕೆಲಸಕ್ಕೆ ಹಂಚಿಹೋಗುತ್ತದೆ. ಉಲ್ಟಾ ವಾಲು ಮೊದಲೇ ಒಂದು ಪಾಲು ತಿಂದಿರುತ್ತದೆ.

ಕನಕಪುರ ರಸ್ತೆ ಸವಾರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪತ್ರದಲ್ಲಿ ಏನು ಕೇಳಲಿ? ಎಲ್ಲ ಒಟ್ಟಿಗೆ ಕೇಳಿದರೆ ಫೈಲ್ ಮೂಲೆ ಸೇರುತ್ತದೆ ಅಂತ ಸಂಘದವರು ಹೇಳುತ್ತಿದ್ದಾರೆ.

ಸೈಟ್ ಎಂಜಿನಿಯರ್, ರಸ್ತೆ ಕೆಲಸ

ಎರಡು ಪತ್ರ ಮಾಡಿ. ಮೊದಲನೆಯದರಲ್ಲಿ ಮಳೆಗೆ ಮುಂಚೆ ಆಗಬಹುದಾದದ್ದು ಮಾತ್ರ ಕೇಳಿ: ಗಿಡ ಕತ್ತರಿಸುವುದು, ಅಂಚಿನ ಜಲ್ಲಿ ಮರಳು ಗುಡಿಸುವುದು, ತಿರುವಿನ ಹೊರಬದಿಗೆ ಬಾಣದ ಗುರುತಿನ ಹಲಗೆಗಳು, ತಿರುವಿಗೆ ಮುಂಚೆ 30ರ ವೇಗದ ಬೋರ್ಡ್. ಇವಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ.

ಎರಡನೆಯದರಲ್ಲಿ ನಿಮ್ಮ ಅಳತೆ ಹಾಕಿ. ತ್ರಿಜ್ಯ 60, ಅಗಲ 7, ಇಳಿಜಾರು ಹೊರಕ್ಕೆ ಶೇ. 2. ಪೊಲೀಸರ ಸಮ್ಮುಖದಲ್ಲಿ ಅಳೆದದ್ದು ಅಂತ ಬರೆಯಿರಿ, ಫೋಟೊ ಲಗತ್ತಿಸಿ. ಮುಂದಿನ ಡಾಂಬರು ಕೆಲಸದ ಅಂದಾಜು ಪಟ್ಟಿಯಲ್ಲೇ ಮಿಲ್ಲಿಂಗ್, ಪ್ರೊಫೈಲ್ ಪದರ, ಮೀಡಿಯನ್ ಜಾಲರಿ, ಅಡ್ಡ ಪೈಪ್ ನಾಲ್ಕೂ ಸೇರಿರಬೇಕು ಅಂತ ಕೇಳಿ. ಕೆಲಸಕ್ಕೆ ಮುಂಚೆ ಮತ್ತು ಆದ ಮೇಲೆ ಪ್ರತಿ 5 ಮೀಟರಿಗೆ ಒಳ ಅಂಚು, ನಡು, ಹೊರ ಅಂಚಿನ ಲೆವೆಲ್ ತೆಗೆದು ಅದರ ಹಾಳೆಯ ಪ್ರತಿ ಸಂಘಕ್ಕೆ ಕೊಡಬೇಕು ಅಂತಲೂ ಸೇರಿಸಿ. ಬಿಲ್ ಪಾಸಾಗುವ ಮುಂಚೆ ಆ ಹಾಳೆ ಕೈಗೆ ಬರಬೇಕು. ಬಿಲ್ ಆದ ಮೇಲೆ ಯಾರೂ ಪೇವರ್ ವಾಪಸ್ ತರುವುದಿಲ್ಲ.

ಕೋಣನಕುಂಟೆಯ ಅಣ್ಣನ ಅಂಗಡಿ ಹೊಸ್ತಿಲಿನ ಲೆವೆಲ್ಲನ್ನೂ ಅದೇ ಹಾಳೆಯಲ್ಲಿ ಬರೆಸಿ. ಅವರ ಸಹಿ ಇದ್ದರೆ ಪತ್ರಕ್ಕೆ ಬಲ ಬರುತ್ತದೆ.

ಕೋಣನಕುಂಟೆ ನಿವಾಸಿ

ಹೊಸ್ತಿಲು ಮುಳುಗಲ್ಲ ಅಂತ ಬರೆದಿದ್ದರೆ ಸಹಿ ಹಾಕುತ್ತೇನೆ. ಪಕ್ಕದ ಅಂಗಡಿಯವರ ಹತ್ತಿರವೂ ಮಾತಾಡುತ್ತೇನೆ. ಪತ್ರ ರೆಡಿ ಆದ ಮೇಲೆ ಸಂಜೆ ಆರರ ನಂತರ ತನ್ನಿ, ಆ ಹೊತ್ತಿಗೆ ಎಲ್ಲರೂ ಇರುತ್ತಾರೆ.